ಎಡ ಕೆನ್ನೆ ಮತ್ತು ನಾರಿನ ಹುಡಿಯ ಗಿಡ

ಮೊದಲ ಸಲ ಅದು ಬಂದದ್ದು ಹಲ್ಲುಜ್ಜುವಾಗ.

ಬ್ರಶ್ ಎಡಗಡೆಯ ಮೇಲಿನ ಹಲ್ಲಿಗೆ ತಾಗಿತು. ಕೆನ್ನೆಯೊಳಗೆ ಯಾರೋ ಕರೆಂಟಿನ ತಂತಿ ಇಟ್ಟು ತೆಗೆದ ಹಾಗಾಯಿತು. ಒಂದು ಕ್ಷಣ, ಅಷ್ಟೇ. ಕನ್ನಡಿಯಲ್ಲಿ ಮುಖ ಮೊದಲಿನ ಹಾಗೆಯೇ ಇತ್ತು. ಬಾಯಿ ತುಂಬ ನೊರೆ ಇಟ್ಟುಕೊಂಡು ಸಿಂಕ್ ಹಿಡಿದು ನಿಂತೆ.

ಹೀಗೆ ಬರೆದ ಕೂಡಲೇ ಅನುಮಾನ ಬರುತ್ತದೆ. ಅದಕ್ಕೂ ಮೊದಲು ಒಂದು ದಿನ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಾಗ ಕೆನ್ನೆ ಚುರುಕ್ ಎಂದದ್ದು ನೆನಪಿದೆ. ಅದು ನಿಜವಾಗಿ ಆದದ್ದೋ, ಆಮೇಲೆ ಡಾಕ್ಟರು ‘ಗಾಳಿ ತಾಗಿದ್ರೆ ಬರ್ತದಾ?’ ಎಂದು ಕೇಳಿದಾಗ ನಾನೇ ಕಟ್ಟಿಕೊಂಡದ್ದೋ ಹೇಳಲಾರೆ. ಆ ತಿಂಗಳುಗಳ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಅದಕ್ಕೆ ಕಾರಣವೂ ಇದೆ, ಮುಂದೆ ಬರೆಯುತ್ತೇನೆ.

ನಾನು ಮೆಲ್ಕಾರಿನ ಹತ್ತಿರ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಓದಿದ್ದು ಸಸ್ಯಶಾಸ್ತ್ರ. ಮದುವೆಯಾಗಿಲ್ಲ. ಅಣ್ಣನ ಸಂಸಾರ ಪುಂಜಾಲಕಟ್ಟೆಯಲ್ಲಿದೆ. ನಾನು ಪಾಣೆಮಂಗಳೂರಿನಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇನೆ. ಕೆಳಗೆ ಮನೆಯ ಯಜಮಾನಿ ನೆಬಿಸಕ್ಕ ಒಬ್ಬರೇ. ಅವರ ಗಂಡ ತೀರಿಹೋಗಿದ್ದಾರೆ. ಮಗ ಶರೀಫ್ ದಮ್ಮಾಮಿನಲ್ಲಿ ಕೆಲಸಕ್ಕಿದ್ದಾನೆ, ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾನೆ.

ಹಲ್ಲಿನದ್ದೇ ನೋವು ಎಂದುಕೊಂಡೆ. ಊರಿನ ದಂತವೈದ್ಯರು ರೂಟ್ ಕೆನಾಲ್ ಮಾಡಿದರು. ನೋವು ಹೋಗಲಿಲ್ಲ. ಅತ್ತಿಗೆಗೆ ಗೊತ್ತಿದ್ದವರೆಂದು ಮೂಡುಬಿದಿರೆಗೆ ಹೋದೆ. ಅಲ್ಲಿ ಹಲ್ಲನ್ನೇ ತೆಗೆದರು. ವಸಡು ವಾಸಿಯಾಯಿತು. ಕರೆಂಟು ಅಲ್ಲಿಯೇ ಇತ್ತು.

ಹಲ್ಲು ಇಲ್ಲದ ಜಾಗದಲ್ಲಿ ಹಲ್ಲುನೋವು.

ಕೊನೆಗೆ ಮಂಗಳೂರಿನಲ್ಲಿ ಒಬ್ಬ ನ್ಯೂರಾಲಜಿಸ್ಟ್ ಸಿಕ್ಕಿದರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನಾನು ಮಾತಾಡುವಾಗ ಬಾಯಿಯ ಎಡಭಾಗ ಅಲುಗಿಸದೆ ಇರುವುದನ್ನು ಅವರು ನೋಡುತ್ತಿದ್ದರು.

‘ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹಲ್ಲು ತೆಗೆಸಿ ಆಯ್ತಾ?’

‘ಒಂದು.’

‘ಒಂದರಲ್ಲೇ ಬಂದಿರಲ್ಲ. ಮೂರು ತೆಗೆಸಿ ಬಂದವರಿದ್ದಾರೆ.’

ಎಂಆರ್‌ಐ ಮಾಡಿಸಿದರು. ಮಿದುಳಿನ ಬುಡದಲ್ಲಿ ಮುಖದ ನರಕ್ಕೆ ಒಂದು ರಕ್ತನಾಳ ಒರಗಿಕೊಂಡಿತ್ತು. ನಾಳ ಮಿಡಿದಾಗಲೆಲ್ಲ ನರವನ್ನು ತಟ್ಟುತ್ತಿತ್ತು. ತಂತಿಯ ಮೇಲಿನ ಇನ್ಸುಲೇಶನ್ ಸವೆದ ಹಾಗೆ ಎಂದು ಡಾಕ್ಟರು ಹೇಳಿದರು. ಕಾರ್ಬಮಜೆಪಿನ್ ಮಾತ್ರೆ ಬರೆದರು.

ಮಾತ್ರೆ ಕೆಲಸ ಮಾಡಿತು. ನೋವಿನ ಮೇಲೂ, ನನ್ನ ಮೇಲೂ. ನೋವು ದೂರ ಹೋಯಿತು, ಅದರ ಜೊತೆ ಶಬ್ದಗಳೂ ಹೋದವು. ಒಂದು ದಿನ ತರಗತಿಯಲ್ಲಿ ಎಲೆಯ ಚಿತ್ರ ಬಿಡಿಸಿ, ಹಸಿರು ಬಣ್ಣಕ್ಕೆ ಕಾರಣವಾದ ವಸ್ತುವಿನ ಹೆಸರು ಹೇಳಲು ಬಾಯಿ ತೆರೆದೆ. ಹೆಸರು ಬರಲಿಲ್ಲ. ಎದುರಿನ ಬೆಂಚಿನ ಹುಡುಗಿ ಮೆಲ್ಲ ‘ಕ್ಲೋರೊಫಿಲ್ ಮಿಸ್’ ಎಂದಳು. ಎಲ್ಲರೂ ನಕ್ಕರು, ಕೆಟ್ಟ ನಗು ಅಲ್ಲ. ನಾನೂ ನಗಲು ಹೋದೆ. ನಕ್ಕರೆ ಕೆನ್ನೆ ಎಳೆಯುತ್ತದೆ. ಅರ್ಧಕ್ಕೆ ನಿಲ್ಲಿಸಿದೆ.

ಕೆಲವು ವಾರಗಳ ಮೇಲೆ ಅದೇ ಪ್ರಮಾಣದ ಮಾತ್ರೆಗೆ ನೋವು ಬಗ್ಗಲಿಲ್ಲ. ಪ್ರಮಾಣ ಏರಿತು. ಮಂಪರೂ ಏರಿತು.

ಈ ಕಾಯಿಲೆಯ ವಿಚಿತ್ರವೆಂದರೆ ಅದು ಕಾಣುವುದಿಲ್ಲ. ಜ್ವರ ಇಲ್ಲ, ಬಾವು ಇಲ್ಲ. ಮುಖ ತೊಳೆಯುವುದು, ಜಗಿಯುವುದು, ಮಾತಾಡುವುದು, ಮುತ್ತು ಕೊಡಲು ಬಂದ ಮಗುವಿಗೆ ಕೆನ್ನೆ ಒಡ್ಡುವುದು, ಇಷ್ಟನ್ನೇ ಅದು ಕಸಿದುಕೊಳ್ಳುತ್ತದೆ. ಹೊರಗಿನಿಂದ ನೋಡಿದವರಿಗೆ ನಾನು ಬಿಗಿದುಕೊಂಡ ಹೆಂಗಸು, ಅಷ್ಟೇ. ಬೆಳ್ತಂಗಡಿಯಲ್ಲಿ ಸಂಬಂಧಿಕರ ಸೀಮಂತಕ್ಕೆ ಹೋಗಿ ಎಲೆಯ ಎದುರು ಕೂತು ಪಾಯಸ ಮಾತ್ರ ಕುಡಿದು ಎದ್ದೆ. ಮರುದಿನ ಅಣ್ಣ ಫೋನ್ ಮಾಡಿದ.

‘ನೀನು ಯಾರತ್ರವೂ ಮಾತಾಡ್ಲಿಲ್ಲವಂತೆ. ಊಟವೂ ಮಾಡ್ಲಿಲ್ಲವಂತೆ. ಅವರಿಗೆಲ್ಲ ಬೇಜಾರಾಗಿದೆ.’

‘ನೋವಿತ್ತು.’

‘ಹಲ್ಲು ತೆಗೆಸಿ ಆಯ್ತಲ್ಲ ಮಾರಾಯ್ತಿ, ಇನ್ನೆಂತ ನೋವು? ಚಾರ್ಮಾಡಿಯಲ್ಲಿ ಒಬ್ರು ನರದ ಮದ್ದು ಕೊಡ್ತಾರೆ, ಹೋಗುವ ಒಂದು ದಿನ.’

ವಿವರಿಸಬೇಕಾದರೆ ಮಾತಾಡಬೇಕು. ‘ಹೋಗುವ’ ಎಂದು ಫೋನ್ ಇಟ್ಟೆ. ಹೋಗಲಿಲ್ಲ. ಆಮೇಲೆ ಅವನ ಫೋನು ಕಡಿಮೆಯಾಯಿತು. ನಾನೂ ಮಾಡಲಿಲ್ಲ.

ಕಾಲೇಜಿನಲ್ಲಿ ಸ್ಟಾಫ್ ರೂಮಿನವರು ‘ಮೇಡಂಗೆ ಇವತ್ತೂ ಮೌನವ್ರತವಾ?’ ಎಂದು ತಮಾಷೆ ಮಾಡುತ್ತಿದ್ದರು. ಮೊದಮೊದಲು ಕೈಸನ್ನೆಯಲ್ಲಿ ಉತ್ತರ ಕೊಡುತ್ತಿದ್ದೆ. ಆಮೇಲೆ ಲೈಬ್ರರಿಯಲ್ಲಿ ಕೂರಲು ಶುರು ಮಾಡಿದೆ. ನೆಬಿಸಕ್ಕ ಮೆಟ್ಟಿಲ ಬಳಿ ಸಿಕ್ಕಿದರೆ ತಲೆಯಾಡಿಸಿ ಹತ್ತಿಬಿಡುತ್ತಿದ್ದೆ. ಬಾಡಿಗೆಗೆ ಬಂದಂದಿನಿಂದ ಅವರು ತಟ್ಟೆಯಲ್ಲಿ ಪತ್ತಿರಿ ಎಂಬ ಅಕ್ಕಿರೊಟ್ಟಿಯನ್ನೋ ಬೇರೆ ಏನನ್ನೋ ತಂದುಕೊಡುತ್ತಿದ್ದರು. ನಾನು ತಿನ್ನದೆ ತಿರುಗಿಸಿದ ಮೇಲೆ ಅದೂ ನಿಂತಿತು.

ಮಾತಾಡಲು ಆಗದವಳಿಗೆ ಕೇಳುವುದು ಉಳಿದಿತ್ತು. ಸಂಜೆ ಕಿಟಕಿ ಪಕ್ಕ ಕೂತರೆ ಕೆಳಗಿನ ಮನೆಯ ಸದ್ದೆಲ್ಲ ಮೇಲೆ ಬರುತ್ತಿತ್ತು. ಮಿಕ್ಸಿ, ಕುಕ್ಕರ್, ನೆಬಿಸಕ್ಕ ಮಗನ ಜೊತೆ ವೀಡಿಯೊ ಕಾಲ್‌ನಲ್ಲಿ ಬ್ಯಾರಿ ಭಾಷೆಯಲ್ಲಿ ಜಗಳಾಡುವುದು. ಮಾತು ಅರ್ಧ ಅರ್ಥವಾಗುತ್ತಿತ್ತು, ಜಗಳ ಪೂರ್ತಿ ಅರ್ಥವಾಗುತ್ತಿತ್ತು. ಅವನು ಊಟ ಸರಿಯಾಗಿ ಮಾಡುವುದಿಲ್ಲ ಎಂಬುದೇ ಯಾವಾಗಲೂ ಜಗಳ. ನಾನು ಗಂಜಿ ತಿಳಿ ಕುಡಿಯುತ್ತಾ ಅದನ್ನು ಕೇಳುತ್ತಿದ್ದೆ. ಆ ದಿನಗಳಲ್ಲಿ ಅದೇ ನನ್ನ ಜನ.

ಆದ್ದರಿಂದ ನ್ಯೂರಾಲಜಿಸ್ಟ್ ಕಳಿಸಿಕೊಟ್ಟ ಸರ್ಜನ್ ಹೇಳಿದ ಮಾತು ನನಗೆ ಬೇರೆ ರೀತಿ ತಾಗಿತು.

‘ಆಪರೇಶನ್ ಮಾಡಿ ನಾಳವನ್ನು ನರದಿಂದ ಬಿಡಿಸಿ ನಡುವೆ ಸಣ್ಣ ಪ್ಯಾಡ್ ಇಡ್ತೇವೆ. ಚೆನ್ನಾಗಿ ಆಗ್ತದೆ ಸಾಮಾನ್ಯವಾಗಿ. ಆದರೆ ಕಿವಿಯ ನರ ಅಲ್ಲೇ ಪಕ್ಕದಲ್ಲಿದೆ. ಎಡ ಕಿವಿ ಹೋಗುವ ರಿಸ್ಕ್ ಉಂಟು. ಮೊದಲೇ ಹೇಳ್ತೇನೆ.’

ಮಾತು ಹೋಗಿತ್ತು. ಇನ್ನು ಕೇಳುವುದೂ.

ಯೋಚಿಸಿ ಹೇಳುತ್ತೇನೆ ಎಂದು ಬರೆದು ತೋರಿಸಿದೆ.

ಗಿಡ ಕಂಡದ್ದು ಆ ಸುಮಾರಿಗೆ. ಮೊದಲೋ ಆಮೇಲೋ ಎನ್ನುವುದು ನನಗೆ ಮುಖ್ಯ. ಆದರೆ ಅದೇ ಸರಿಯಾಗಿ ನೆನಪಿಲ್ಲ.

ಟೆರೇಸಿನಲ್ಲಿ ನನ್ನ ಬೆಂಡೆ, ಬಸಳೆ, ಹಸಿಮೆಣಸು ಇದ್ದವು. ಮಣ್ಣಿನಲ್ಲಲ್ಲ. ಮಣ್ಣು ತರಲು ನೆಬಿಸಕ್ಕ ಮೊದಲೇ ಒಪ್ಪಿರಲಿಲ್ಲ. ‘ಮಣ್ಣು ಬೇಡ ಟೀಚರೇ, ಭಾರ ಆಗ್ತದೆ, ಸ್ಲ್ಯಾಬ್ ಸೋರ್ತದೆ. ಬೇರೆಂತಾದ್ರೂ ಮಾಡಿ.’ ಹಾಗೆ ಪುಂಜಾಲಕಟ್ಟೆ ದಾರಿಯ ಒಂದು ನಾರಿನ ಮ್ಯಾಟ್ ಮಾಡುವ ಶೆಡ್ಡಿನಿಂದ ತೆಂಗಿನ ನಾರಿನ ಹುಡಿ ತಂದು ಚೀಲಗಳಲ್ಲಿ ತುಂಬಿದ್ದೆ. ಅಂಗಡಿಯಲ್ಲಿ ಕೊಕೊ ಪೀಟ್ ಎಂದು ಮಾರುವುದೂ ಅದೇ. ಹಗುರ. ನೀರು ಹಿಡಿಯುತ್ತದೆ. ಆದರೆ ಅದರಲ್ಲಿ ಗಿಡಕ್ಕೆ ಬೇಕಾದದ್ದು ಏನೂ ಇಲ್ಲ, ನಾವು ಕೊಟ್ಟದ್ದಷ್ಟೇ. ಮಣ್ಣು ನಮ್ಮ ಸಣ್ಣ ತಪ್ಪುಗಳನ್ನು ಹೇಗೋ ನುಂಗಿಕೊಳ್ಳುತ್ತದೆ. ನಾರಿನ ಹುಡಿ ನುಂಗುವುದಿಲ್ಲ. ಹೊಸ ಹುಡಿಯಲ್ಲಿ ಉಪ್ಪಿನಂಶ ಇರುವುದರಿಂದ ತುಂಬುವ ಮೊದಲು ನೀರಿನಲ್ಲಿ ಮತ್ತೆ ಮತ್ತೆ ತೊಳೆದಿದ್ದೆ. ಆಗ ನನಗೆ ಆರೋಗ್ಯವಿತ್ತು, ತಾಳ್ಮೆಯೂ ಇತ್ತು.

ಬಸಳೆಯ ಚೀಲದ ಅಂಚಿನಲ್ಲಿ ಒಂದು ಸಸಿ ಎದ್ದಿತ್ತು. ಗರಗಸದ ಅಂಚಿನ ಎರಡು ಎಲೆ ಎದುರುಬದುರು. ನೆಬಿಸಕ್ಕ ಹಕ್ಕಿಗಳಿಗೆ ಕಾಳು ಹಾಕಲು ಬಂದವರು ಬಗ್ಗಿ ನೋಡಿದರು. ಟೆರೇಸಿನ ಮೂಲೆಯಲ್ಲಿ ಶರೀಫ್‌ನ ಲವ್ ಬರ್ಡ್ಸ್ ಪಂಜರವಿತ್ತು, ಅವನಿಲ್ಲದಾಗ ಇವರದ್ದೇ ಆರೈಕೆ.

‘ಗೊಂಡೆಯಲ್ವಾ ಇದು? ತಾನಾಗಿ ಬಂತಾ? ಇರ್ಲಿ, ಕೀಳ್ಬೇಡಿ. ಹೂ ಬಿಟ್ರೆ ಚಂದ.’

ನಾನು ತಲೆಯಾಡಿಸಿದೆ. ಗೊಂಡೆ, ಅಂದರೆ ಚೆಂಡುಹೂ, ಅಲ್ಲ ಎಂದು ಆಗಲೇ ಅನುಮಾನವಿತ್ತು. ಮುಂದಿನ ಎಲೆ ಮೂರು ಬೆರಳು ಬಿಚ್ಚಿತು. ಅದರ ಮುಂದಿನದು ಐದು. ತುದಿ ಹಿಸುಕಿ ಮೂಸಿದೆ.

ಗಾಂಜಾ.

ಕೂಡಲೇ ಕೀಳಬೇಕಿತ್ತು. ಈ ಗಿಡ ಬೆಳೆಸುವುದು ಅಪರಾಧ ಎಂದು ಗೊತ್ತಿಲ್ಲದವಳಲ್ಲ. ಮಕ್ಕಳಿಗೆ ಮಾದಕ ವಸ್ತು ವಿರೋಧಿ ದಿನದ ಭಾಷಣವನ್ನೂ ಮಾಡಿದ್ದೇನೆ. ಬುಡಕ್ಕೆ ಕೈ ಹಾಕಿದ್ದೂ ನಿಜ. ಅಷ್ಟರಲ್ಲಿ ಕೆನ್ನೆಯಲ್ಲಿ ಒಂದು ಹೊಡೆತ ಬಂತು, ಕಣ್ಣಲ್ಲಿ ನೀರು ಬಂತು. ಕೈ ಬಿಟ್ಟೆ.

ಆ ಸಂಜೆಯಿಂದ ಫೋನಿನಲ್ಲಿ ಓದಲು ಶುರು ಮಾಡಿದೆ. ಬೇರೆ ದೇಶಗಳಲ್ಲಿ ನರದ ನೋವಿಗೆ ಇದನ್ನು ಬಳಸಿದವರ ಬರಹಗಳು. ಕೆಲವರಿಗೆ ಹೋಯಿತಂತೆ, ಕೆಲವರಿಗೆ ಏನೂ ಆಗಲಿಲ್ಲವಂತೆ. ನಾನು ಮೊದಲಿನವರನ್ನು ಪೂರ್ತಿ ಓದಿದೆ. ಎರಡನೆಯವರದ್ದು ಒಂದೆರಡು ಸಾಲು. ಮುಂದಿನ ಭೇಟಿಯಲ್ಲಿ ನ್ಯೂರಾಲಜಿಸ್ಟರನ್ನು ಸುತ್ತಿಬಳಸಿ ಕೇಳಿದೆ.

‘ಇಂಟರ್ನೆಟ್ಟಾ?’ ಎಂದರು ಅವರು. ‘ನಿಮ್ಮ ಕಾಯಿಲೆಗೆ ಅದು ಆಗ್ತದೆ ಅಂತ ಹೇಳುವಷ್ಟು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಕೊಡುದಿಲ್ಲ. ಆಪರೇಶನ್ ಯೋಚನೆ ಮಾಡಿದ್ರಾ?’

ಸ್ವಲ್ಪ ಸಮಯ ಬೇಕು ಎಂದೆ. ಅವರಿಗೆ ಹೇಳದ್ದು ಇಷ್ಟು: ಗಿಡ ಹೂ ಬಿಡುವ ತನಕ. ಅದರ ಸಾರ ಹೆಚ್ಚಾಗಿ ಇರುವುದು ಹೆಣ್ಣು ಗಿಡದ ಹೂವಿನಲ್ಲಿ.

ಅದಕ್ಕೆ ಪ್ರತ್ಯೇಕ ಚೀಲ ಮಾಡಿದೆ. ನೀರಿನ ಟ್ಯಾಂಕಿನ ಹಿಂದೆ, ಬಿಸಿಲು ಬೀಳುವ, ರಸ್ತೆಗೆ ಕಾಣದ ಜಾಗದಲ್ಲಿ ಇಟ್ಟೆ. ಮಾತ್ರೆಯ ಮಂಪರಿನಲ್ಲಿ ತರಗತಿಯ ಪಾಠ ಮರೆಯುತ್ತಿದ್ದವಳಿಗೆ ಅದಕ್ಕೆ ಗೊಬ್ಬರದ ನೀರು ಕೊಡುವುದು ಮರೆಯುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ನೋಡಲು ಏನೋ ಒಂದು ಇತ್ತು. ಗಿಡದ ಎದುರು ಮಾತಾಡಬೇಕಾಗಿಲ್ಲ. ಅದೂ ಒಂದು ಕಾರಣವಿರಬಹುದು, ಈಗ ಹಾಗೆ ಅನಿಸುತ್ತದೆ.

ಯಾವ ಗಿಡ ಎಂದು ಹೇಳುವುದು ಸುಲಭ. ಯಾವ ತಳಿ ಎಂದು ಹೇಳುವುದು ಅಲ್ಲ. ಮನುಷ್ಯರು ಈ ಗಿಡವನ್ನು ನಾರಿಗೆ, ಎಣ್ಣೆಗೆ, ಅಮಲಿಗೆ, ಔಷಧಿಗೆ ಬೇರೆ ಬೇರೆಯಾಗಿ ಆರಿಸಿಕೊಂಡು ಬಂದಿದ್ದಾರೆ. ಒಂದರಲ್ಲಿ ಇರುವ ಸಾರ ಇನ್ನೊಂದರಲ್ಲಿ ಹೆಸರಿಗೂ ಇಲ್ಲ. ಎಲೆ ನೋಡಿ ಅದನ್ನು ತಿಳಿಯಲಾಗದು, ಲ್ಯಾಬಿನಲ್ಲಿ ಪರೀಕ್ಷೆಯಾಗಬೇಕು. ಇದು ನನಗೆ ಗೊತ್ತಿತ್ತು. ಬೇರೆ ಯಾರಾದರೂ ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ.

ಆದರೂ ಎಲೆ ನೋಡಿದೆ. ಬಂದ ಹೊಸ ಎಲೆಗಳ ಬೆರಳುಗಳು ತೀರ ಕಿರಿದಾಗಿದ್ದವು. ಅಂಚು ಸ್ವಲ್ಪ ಒಳಗೆ ಮಡಚಿ ಇನ್ನೂ ಸಪೂರವಾಗಿ ಕಾಣುತ್ತಿದ್ದವು. ತುದಿಯಲ್ಲಿ ಕಂದು. ಬಣ್ಣ ಗಾಢ. ಫೋನಿನ ಚಿತ್ರಗಳ ಪಕ್ಕ ಹಿಡಿದು ನೋಡಿದೆ. ಬೆಟ್ಟದ ಕಡೆಯ ಒಂದು ಹಳೆಯ ತಳಿಯ ಚಿತ್ರಕ್ಕೆ ಅದು ಹೋಲುತ್ತಿತ್ತು. ನೋವಿಗೆ ಒಳ್ಳೆಯದೆಂದು ಯಾರೋ ಬರೆದಿದ್ದ ತಳಿ. ಅದೇ ಇದು ಎಂದು ನಿರ್ಧರಿಸಿದೆ. ವಿದ್ಯಾರ್ಥಿಯೊಬ್ಬ ಹೀಗೆ ಗುರುತಿಸಿ ತಂದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಬೀಜ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಇತ್ತು. ಹಕ್ಕಿ ಪಂಜರದ ಪಕ್ಕ ಶರೀಫ್ ಕಳೆದ ರಜೆಯಲ್ಲಿ ತಂದಿಟ್ಟ ಕಾಳಿನ ಡಬ್ಬಿ ಇತ್ತು. ಒಂದು ದಿನ ಅದನ್ನು ತೆರೆದು, ಕೈಯಲ್ಲಿ ಹಾಕಿ ಬೆರಳಲ್ಲಿ ಕೆದಕಿದೆ. ನವಣೆ, ಸೂರ್ಯಕಾಂತಿ, ಅವುಗಳ ನಡುವೆ ಗುಂಡಗಿನ, ಕಂದು ಜಾಲದ ಗೆರೆಯ ಒಂದೆರಡು ಬೀಜ. ಹಕ್ಕಿ ಕಾಳಿನಲ್ಲಿ ಬೆರೆಸುವುದು ಸಾಮಾನ್ಯವಾಗಿ ಎಣ್ಣೆಕಾಳಿನ ತಳಿ. ಅದರಲ್ಲಿ ನನಗೆ ಬೇಕಾದದ್ದು ಏನೂ ಇರುವ ಸಂಭವ ಕಡಿಮೆ. ಈ ಡಬ್ಬಿ ತೆರೆದದ್ದು ಯಾವಾಗ? ಆಪರೇಶನ್ ಮುಂದೂಡುವ ಮೊದಲೋ, ಆಮೇಲೋ? ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಮಾತ್ರೆಯಿಂದ ಮರೆತೆನೆಂದು ಹೇಳಿಕೊಳ್ಳುವುದು ಅನುಕೂಲ. ಅನುಕೂಲವಾದ್ದರಿಂದಲೇ ನಂಬಲು ಹಿಂಜರಿಕೆ.

ನೋವು ಹೆಚ್ಚಿತು. ನಾನು ಜಗಿಯುವುದನ್ನು ಬಿಟ್ಟೇಬಿಟ್ಟೆ. ತಿಳಿ, ನೀರು, ಎಳನೀರು, ಮತ್ತೆ ನೀರು. ತಲೆ ತಿರುಗುತ್ತಿತ್ತು, ಮಾತ್ರೆಯದ್ದೆಂದುಕೊಂಡೆ. ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟು ಮೆಟ್ಟಿಲು ಇಳಿಯುತ್ತಿದ್ದೆ.

ಮುಂದಿನದು ನನಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಡ್ರಿಪ್ಪಿನ ಬಾಟಲಿ ಕಂಡಿತು. ನೆಬಿಸಕ್ಕ ಸದ್ದು ಕೇಳಿ ಬಂದು, ಪಕ್ಕದ ಮನೆಯವರ ಕಾರಿನಲ್ಲಿ ಹಾಕಿ ಮಂಗಳೂರಿಗೆ ಕರೆತಂದಿದ್ದರಂತೆ. ದಾರಿಯುದ್ದಕ್ಕೂ ನಾನು ಅವರನ್ನು ‘ಅತ್ತಿಗೆ’ ಎಂದು ಕರೆದೆನಂತೆ. ರಕ್ತದಲ್ಲಿ ಸೋಡಿಯಂ ತೀರ ಇಳಿದಿತ್ತು.

‘ಮಾತ್ರೆಯಿಂದ ಹೀಗಾಗುದುಂಟು’ ಎಂದರು ನ್ಯೂರಾಲಜಿಸ್ಟ್. ‘ಅದರ ಮೇಲೆ ನೀವು ಬರೀ ನೀರು ಕುಡ್ದಿದ್ದೀರಿ. ಈ ಮಾತ್ರೆ ಇನ್ನು ಹೆಚ್ಚು ಮಾಡ್ಲಿಕ್ಕಾಗುದಿಲ್ಲ, ನಿಧಾನ ಇಳಿಸ್ಬೇಕು. ನಿಮಗೆ ಸಮಯ ಬೇಕು ಅಂದ್ರಿ. ಇನ್ನು ಸಮಯ ಇಲ್ಲ.’

ಅಣ್ಣ ಬಂದ. ಮಂಚದ ಪಕ್ಕ ಕೂತು ಫೈಲು ತಿರುವಿದ. ಎಂಆರ್‌ಐ ರಿಪೋರ್ಟ್ ಓದಿ ‘ಇಷ್ಟೆಲ್ಲ ಆಗಿದೆಯಾ? ನೀನೊಂದು ಹೇಳ್ಬೇಕಲ್ವಾ’ ಎಂದ. ಸಿಟ್ಟಿನಲ್ಲಿ ಅಲ್ಲ. ಹೇಳಲು ಬಾಯಿ ಬೇಕಿತ್ತು ಅಣ್ಣ ಎಂದು ಹೇಳಲೂ ಬಾಯಿ ಬೇಕಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಶರೀಫ್ ಗೇಟಿನಲ್ಲಿದ್ದ. ರಜೆಯಲ್ಲಿ ಬಂದಿದ್ದ. ಬ್ಯಾಗ್ ಎತ್ತಿಕೊಂಡು ಮೇಲೆ ತಂದಿಟ್ಟ. ಅಣ್ಣ ಹೋಗುವ ತನಕ ಕಾದು, ಬಾಗಿಲ ಹೊರಗೆ ನಿಂತೇ ಕೇಳಿದ.

‘ಟೀಚರ್, ಒಂದು ಕೇಳ್ಲಿಕ್ಕುಂಟು. ಟ್ಯಾಂಕಿನ ಹಿಂದೆ ಒಂದು ಗಿಡ ಉಂಟಲ್ಲ, ಅದು ಯಾರದ್ದು?’

‘ನನ್ನದು.’

‘ಎಂತ ಗಿಡ ಅಂತ ಗೊತ್ತುಂಟಾ ನಿಮಗೆ?’

ನಾನು ಗೊತ್ತು ಎಂದು ತಲೆಯಾಡಿಸಿದೆ.

‘ಉಮ್ಮನಿಗೆ ಗೊತ್ತಿಲ್ಲ. ಅವರು ಗೊಂಡೆ ಅಂತ ನಿಮ್ಮ ಗಿಡವನ್ನು ನನಗೇ ತೋರಿಸ್ತಾರೆ, ಟೀಚರ್ ಬರುವಷ್ಟರಲ್ಲಿ ಚಂದ ಮಾಡ್ಬೇಕು ಅಂತ. ಟೀಚರ್, ನಾಳೆ ಯಾರಾದ್ರೂ ನೋಡಿ ಒಂದು ಫೋನ್ ಮಾಡಿದ್ರೆ ಪೊಲೀಸರು ನಿಮ್ಮನ್ನು ಕೇಳುದಿಲ್ಲ. ಮನೆ ಯಾರದ್ದು ಅಂತ ಕೇಳ್ತಾರೆ. ಮನೆಯ ಹುಡುಗ ಗಲ್ಫಿಂದ ಬಂದಿದ್ದಾನಂತೆ ಅಂತಾರೆ. ಆಮೇಲೆ ನಾನು ಎಂತ ಹೇಳಿದ್ರೂ ಆಗುದಿಲ್ಲ. ನನ್ನ ಪಾಸ್‌ಪೋರ್ಟ್ ಹೋಗ್ತದೆ, ಅಷ್ಟೇ ಅಲ್ಲ, ಉಮ್ಮ ಈ ದಾರಿಯಲ್ಲಿ ನಡೆಯುದು ಹೇಗೆ?’

ಅವನು ದನಿ ಏರಿಸಲಿಲ್ಲ.

ಇಷ್ಟು ದಿನ ನಾನು ಹೆದರಿದ್ದು ನನ್ನ ಕೆಲಸಕ್ಕೆ, ನನ್ನ ಹೆಸರಿಗೆ. ಗಿಡ ನನ್ನದು, ಟೆರೇಸು ಅವರದ್ದು ಎಂಬುದು ಒಂದು ಸಲವೂ ಹೊಳೆದಿರಲಿಲ್ಲ. ಸಂಜೆಗಳಲ್ಲಿ ಯಾರ ಸದ್ದನ್ನು ಆನಿಕೊಂಡು ಕೂತಿದ್ದೆನೋ ಅವರ ತಲೆಯ ಮೇಲೆಯೇ ಅದನ್ನು ಬೆಳೆಸಿದ್ದೆ.

ನಾನು ಮಾತಾಡಿದೆ. ಹೊಡೆತ ಬಂದಾಗ ನಿಲ್ಲಿಸಿ, ಅದು ಹೋದ ಮೇಲೆ ಮತ್ತೆ ಶುರು ಮಾಡಿ, ಹಲ್ಲಿನಿಂದ ಹಿಡಿದು ಕಿವಿಯ ತನಕ ಎಲ್ಲ ಹೇಳಿದೆ. ಇಷ್ಟು ಉದ್ದಕ್ಕೆ ಯಾರ ಬಳಿಯೂ ಹೇಳಿರಲಿಲ್ಲ. ನಡುವೆ ನೆಬಿಸಕ್ಕ ಮೆಟ್ಟಿಲು ಹತ್ತಿ ಬಂದವರು ಮಗನ ಹಿಂದೆ ನಿಂತು ಕೇಳುತ್ತಿದ್ದರು.

‘ಮತ್ತೆ ನಾನು ಪತ್ತಿರಿ ಕೊಟ್ಟಾಗ ತಿರುಗಿಸಿ ಕೊಟ್ಟದ್ದು?’ ಎಂದರು.

‘ಜಗಿಯಲಿಕ್ಕೆ ಆಗ್ತಿರಲಿಲ್ಲ.’

‘ನಮ್ಮ ಮನೆಯದ್ದು ತಿನ್ನುದಿಲ್ಲ ನೀವು ಅಂತ ನಾನು ಎಣಿಸಿದ್ದು.’ ಮಗನನ್ನು ದಾಟಿ ಒಳಗೆ ಬಂದು, ‘ಅದನ್ನು ಒಂದು ಮಾತು ಹೇಳುದಲ್ವಾ ಟೀಚರೇ’ ಎಂದರು.

ಮೂವರೂ ಟ್ಯಾಂಕಿನ ಹಿಂದೆ ಹೋದೆವು. ಗಿಡ ನಾನು ಬಿಟ್ಟುಹೋದದ್ದಕ್ಕಿಂತ ಕೆಟ್ಟಿತ್ತು. ಎಲೆಗಳ ಅಂಚೆಲ್ಲ ಸುಟ್ಟ ಹಾಗೆ, ಬೆರಳುಗಳು ಕಡ್ಡಿಯ ಹಾಗೆ. ಚೀಲದ ಮೇಲ್ಭಾಗದಲ್ಲಿ ಬಿಳಿ ಹುಡಿ ಕಟ್ಟಿತ್ತು. ಅದಕ್ಕೊಂದು ಮೀನಿನ ವಾಸನೆ.

‘ನಾನು ದಿನಾ ನೀರು ಕೊಟ್ಟಿದ್ದೇನೆ’ ಎಂದರು ನೆಬಿಸಕ್ಕ, ಗಾಬರಿಯಲ್ಲಿ. ‘ಮೀನು ತೊಳ್ದ ನೀರು. ಕರಿಬೇವಿಗೆ ಅದನ್ನೇ ಕೊಡುದು ನಾನು, ನೋಡಿ ಹೇಗೆ ಬಂದಿದೆ.’

‘ಈ ವಾರ ಮಾತ್ರವಾ?’ ಎಂದು ಕೇಳಿದೆ.

‘ಇಲ್ಲ, ಮೊದಲಿಂದಲೂ. ನೀವು ಕಾಲೇಜಿಗೆ ಹೋದ ಮೇಲೆ ನಾನು ಇಲ್ಲೇ ಅಲ್ವಾ ಮೀನು ಮಾಡುದು, ಕೆಳಗೆ ಬೆಕ್ಕಿನ ಉಪದ್ರ. ಇಷ್ಟು ಪಾಪದ ಗಿಡ, ಸ್ವಲ್ಪ ತಾಕತ್ತು ಬರ್ಲಿ ಅಂತ.’

ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಲೋಳೆ ಹೋಗಲು ಮೀನಿಗೆ ಕಲ್ಲುಪ್ಪು ತಿಕ್ಕುತ್ತಾರೆ, ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಹೊಯ್ಯುತ್ತಾರೆ. ಅಂಗಳದ ಮಣ್ಣಿನಲ್ಲಿ ಮಳೆಗೆ ಆ ಉಪ್ಪು ಇಳಿದು ಹೋಗುತ್ತದೆ. ಅವರ ಕರಿಬೇವು ಇದ್ದದ್ದು ಗೇಟಿನ ಬಳಿ ನೆಲದಲ್ಲಿ. ನನ್ನ ಗಿಡ ಇದ್ದದ್ದು ಚೀಲದ ನಾರಿನ ಹುಡಿಯಲ್ಲಿ, ಮಳೆ ಬೀಳದ ಟ್ಯಾಂಕಿನ ಮರೆಯಲ್ಲಿ. ಕೊಟ್ಟ ಉಪ್ಪೆಲ್ಲ ಅಲ್ಲೇ ನಿಂತಿತ್ತು.

ಆ ಕಿರಿದಾದ ಎಲೆ, ಮಡಚಿದ ಅಂಚು, ಕಂದು ತುದಿ, ಗಾಢ ಬಣ್ಣ, ನಾನು ಬೆಟ್ಟದ ತಳಿಯ ಲಕ್ಷಣಗಳೆಂದು ಒಂದೊಂದಾಗಿ ಹೊಂದಿಸಿಕೊಂಡದ್ದೆಲ್ಲ ಉಪ್ಪಿನ ಸಂಕಟ. ನಾನು ಓದಿದ್ದು ಗಿಡದ ಕುಲವನ್ನಲ್ಲ, ಅದರ ಕಾಯಿಲೆಯನ್ನು. ಅದನ್ನು ನಂಬಿ ನನ್ನ ಕಾಯಿಲೆಯನ್ನು ಮುಂದಕ್ಕೆ ಹಾಕಿದ್ದೆ. ಆಸ್ಪತ್ರೆಯಲ್ಲಿ ನನಗೆ ಉಪ್ಪು ಏರಿಸುತ್ತಿದ್ದಾಗ ಇಲ್ಲಿ ಗಿಡ ಉಪ್ಪು ಹೆಚ್ಚಾಗಿ ಒಣಗುತ್ತಿತ್ತು. ಇದರಲ್ಲಿ ಅರ್ಥ ಹುಡುಕುವ ಆಸೆಯಾಗುತ್ತದೆ. ಹುಡುಕಬಾರದು ಎಂದು ಈಗ ಕಲಿತಿದ್ದೇನೆ.

‘ಇದು ಗೊಂಡೆ ಅಲ್ಲ ಉಮ್ಮ’ ಎಂದ ಶರೀಫ್. ಏನೆಂದು ಹೇಳಿದ.

ನೆಬಿಸಕ್ಕ ಕೈಯನ್ನು ಬಾಯಿಗೆ ತಂದರು. ಗಿಡವನ್ನು ನೋಡಿದರು, ನನ್ನನ್ನು ನೋಡಿದರು. ಬಯ್ಯುತ್ತಾರೆಂದು ಕಾದೆ. ‘ಅಷ್ಟು ನೋವಾ?’ ಎಂದು ಕೇಳಿದರು.

ನಾನೇ ಕಿತ್ತೆ. ನಾರಿನ ಹುಡಿಯಿಂದ ಬೇರು ಸುಲಭವಾಗಿ ಬಂತು, ಹಿಡಿತವೇ ಇರಲಿಲ್ಲ. ಹೂ ಇನ್ನೂ ಬಿಟ್ಟಿರಲಿಲ್ಲ. ಗಂಡೋ ಹೆಣ್ಣೋ ಎಂದೂ ಗೊತ್ತಾಗಲಿಲ್ಲ. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಕೊಳೆತ ಮೇಲೆ ಶರೀಫ್ ಹಿತ್ತಿಲಲ್ಲಿ ಹೂತ. ಹಕ್ಕಿಯ ಕಾಳಿನ ಡಬ್ಬಿಯ ವಿಷಯವನ್ನೂ ಹೇಳಿದೆ. ಅವನು ಕಾಳನ್ನು ತಟ್ಟೆಗೆ ಸುರಿದು ನೋಡಿದ. ‘ಹಾಗಾದ್ರೆ ತಂದದ್ದು ನಾನೇಯಾ?’ ಎಂದು ನಕ್ಕ. ಆ ನಗುವಿನಲ್ಲಿ ಭಯ ಇನ್ನೂ ಇತ್ತು. ಆಮೇಲೆ ಡಬ್ಬಿಯ ಕಾಳನ್ನು ಪೂರ್ತಿ ಒಲೆಗೆ ಹಾಕಿದ. ಹಕ್ಕಿಗಳು ಅಂದಿನಿಂದ ನವಣೆ ಮಾತ್ರ ತಿನ್ನುತ್ತವೆ.

ಅದು ಯಾವ ತಳಿಯಾಗಿತ್ತು? ಗೊತ್ತಿಲ್ಲ. ಎಂದೂ ಗೊತ್ತಾಗುವುದಿಲ್ಲ. ಈ ಉತ್ತರ ಬರೆಯಲು ನಾನು ತೆಗೆದುಕೊಂಡ ಸಮಯ ಹೆಚ್ಚಾಯಿತು.

ಆಪರೇಶನ್ ಒಪ್ಪಿಕೊಂಡೆ. ಒಳಗೆ ಕರೆದುಕೊಂಡು ಹೋಗುವಾಗ ಅಣ್ಣ ಕಾಲಿನ ಬಳಿ ನಡೆಯುತ್ತಿದ್ದ, ನೆಬಿಸಕ್ಕ ತಲೆಯ ಬಳಿ ಏನೋ ಮಣಮಣಿಸುತ್ತಿದ್ದರು. ಎಡ ಕಿವಿಯಿಂದಲೇ ಕೇಳಿಸಿತು. ಬೇಕೆಂದೇ ಆ ಕಡೆ ಗಮನ ಕೊಟ್ಟೆ.

ಎಚ್ಚರವಾದಾಗ ಮೊದಲು ನಾಲಗೆಯಿಂದ ಎಡ ವಸಡನ್ನು ಮುಟ್ಟಿದೆ.

ಏನೂ ಆಗಲಿಲ್ಲ.

ಮತ್ತೆ ಮುಟ್ಟಿದೆ. ತುಟಿ ಕಚ್ಚಿದೆ. ಕೆನ್ನೆ ಉಬ್ಬಿಸಿದೆ. ನರ್ಸ್ ‘ಎಂತ ಮಾಡ್ತಿದ್ದೀರಿ?’ ಎಂದಳು. ಅವಳ ಬಾಯಿ ಅಲ್ಲಾಡಿತು, ಮಾತು ಬಂದದ್ದು ಬೇರೆ ಕಡೆಯಿಂದ. ಅವಳು ನಿಂತದ್ದು ನನ್ನ ಎಡಗಡೆ. ದನಿ ಬಲಗಡೆಯ ಗೋಡೆಯಿಂದ ಬಂದ ಹಾಗಿತ್ತು.

ಸರ್ಜನ್ ಪರೀಕ್ಷೆ ಮಾಡಿಸಿದರು. ಸ್ವಲ್ಪ ಬರಬಹುದು, ಬಾರದೆಯೂ ಇರಬಹುದು ಎಂದರು. ಈ ತನಕ ಬಂದಿಲ್ಲ. ಆ ಕಿವಿಯಲ್ಲಿ ದೂರದ ಫ್ಯಾನಿನಂತಹ ಒಂದು ಶಬ್ದ ಮಾತ್ರ ಇದೆ.

ಮುಂದೂಡದೆ ಮೊದಲೇ ಮಾಡಿಸಿದ್ದರೆ ಕಿವಿ ಉಳಿಯುತ್ತಿತ್ತೇ ಎಂದು ಸರ್ಜನ್ ಅವರನ್ನು ಕೇಳಿದೆ. ‘ಹಾಗೆ ಲೆಕ್ಕ ಹಾಕ್ಲಿಕ್ಕೆ ಬರುದಿಲ್ಲ’ ಎಂದರು. ದಯೆಯಿಂದ ಹೇಳಿದರೋ, ಅದೇ ನಿಜವೋ. ಎರಡೂ ಇರಬಹುದು.

ಈಗ ಮಾತ್ರೆ ನಿಲ್ಲುವ ಹಂತಕ್ಕೆ ಬಂದಿದೆ. ಮೇಲಿನ ತುಟಿಯ ಒಂದು ಕಡೆ ಮರಗಟ್ಟಿದೆ, ಚಹಾ ಬಿಸಿಯೋ ತಣ್ಣಗೋ ಅಲ್ಲಿ ತಿಳಿಯುವುದಿಲ್ಲ. ನೋವು ಮತ್ತೆ ಬರಬಹುದು ಎಂದೂ ಹೇಳಿದ್ದಾರೆ. ಕೆಲವರಿಗೆ ವರ್ಷಗಳ ಮೇಲೆ ಬರುತ್ತದಂತೆ. ಹಲ್ಲುಜ್ಜುವಾಗ ಕೈ ಈಗಲೂ ಎಡಗಡೆಯಲ್ಲಿ ಒಮ್ಮೆ ತಡೆಯುತ್ತದೆ. ಕಾಲೇಜಿಗೆ ಹೋಗುತ್ತೇನೆ. ಕಪ್ಪುಹಲಗೆಯ ಎದುರು ತಿರುಗಿ ನಿಂತಾಗ ಯಾವ ಮೂಲೆಯಿಂದ ಪ್ರಶ್ನೆ ಬಂತೆಂದು ಗೊತ್ತಾಗದೆ ತಪ್ಪು ಹುಡುಗನನ್ನು ಎಬ್ಬಿಸುತ್ತೇನೆ. ಅಣ್ಣ ಭಾನುವಾರ ಫೋನ್ ಮಾಡುತ್ತಾನೆ. ನಮಗೆ ಹೇಳಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಆದರೂ ಇಬ್ಬರೂ ಬೇಗ ಇಡುವುದಿಲ್ಲ.

ಶರೀಫ್ ದಮ್ಮಾಮಿಗೆ ಹೋದ. ಸಂಜೆ ಕೆಳಗಿನ ಮನೆಯ ಸದ್ದು ಮೊದಲಿನ ಹಾಗೆ ಮೇಲೆ ಬರುವುದಿಲ್ಲ, ಬಂದರೂ ಯಾವ ಕೋಣೆಯದ್ದೆಂದು ತಿಳಿಯುವುದಿಲ್ಲ. ಅದರ ಬದಲು ನೆಬಿಸಕ್ಕ ತಾವೇ ಬರುತ್ತಾರೆ. ಬಾಗಿಲ ಬಳಿ ಇರುವ ಕುರ್ಚಿಯಲ್ಲಿ ಕೂರುತ್ತಾರೆ. ಅದು ನನ್ನ ಎಡಗಡೆ. ಅವರಿಗೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಬಂದದ್ದೇ ಹೆಚ್ಚು, ಇನ್ನು ಅಲ್ಲಿ ಕೂರಿ ಇಲ್ಲಿ ಕೂರಿ ಎನ್ನುವುದು ಹೇಗೆ? ಅವರ ಕೈ, ಹುಬ್ಬು, ತುಟಿ ನೋಡಿ ಸಿಕ್ಕಿದಷ್ಟು ಹಿಡಿದುಕೊಳ್ಳುತ್ತಿದ್ದೆ.

ಮೊನ್ನೆ ಅವರು ತಮ್ಮ ಮದುವೆಯ ದಿನದ್ದು ಏನೋ ಉದ್ದಕ್ಕೆ ಹೇಳಿದರು. ದೋಣಿ, ಮಳೆ, ಯಾರದ್ದೋ ಚಪ್ಪಲಿ, ಇಷ್ಟು ಸಿಕ್ಕಿತು. ಅವರು ನಕ್ಕರು. ನಾನೂ ನಕ್ಕೆ. ಪೂರ್ತಿ ನಕ್ಕೆ, ಕೆನ್ನೆ ಎಳೆಯುವ ಹಾಗೆ. ಅವರು ನಗು ನಿಲ್ಲಿಸಿ ನನ್ನನ್ನೇ ನೋಡಿದರು.

‘ಟೀಚರೇ, ನಿಮಗೆ ಕೇಳಿತಾ ನಾನು ಹೇಳಿದ್ದು?’

ಈ ಸಲ ತಲೆಯಾಡಿಸಿ ತಪ್ಪಿಸಿಕೊಳ್ಳಲಿಲ್ಲ.

‘ಇಲ್ಲ.’

‘ಮತ್ತೆಂತಕ್ಕೆ ನಗುದು?’

‘ನೀವು ನಕ್ಕಿರಲ್ಲ, ಅದಕ್ಕೆ.’

‘ಒಳ್ಳೆ ಜನ ಮಾರಾಯ್ರೆ ನೀವು’ ಎಂದು ಅವರು ಎದ್ದರು. ಹೊರಟರೆಂದುಕೊಂಡೆ. ಅವರು ಕುರ್ಚಿಯನ್ನು ನೆಲದ ಮೇಲೆ ಎಳೆದುಕೊಂಡು ನನ್ನ ಎದುರಿನಿಂದ ಸುತ್ತು ಹಾಕಿ ಬಲಗಡೆಗೆ ತಂದು ಇಟ್ಟರು. ಕೂತು, ತಲೆಯ ವಸ್ತ್ರ ಸರಿಮಾಡಿಕೊಂಡು, ಮದುವೆಯ ಕಥೆಯನ್ನು ಮೊದಲಿನಿಂದ ಶುರು ಮಾಡಿದರು.